ಸ್ಕಾರ್ಫಿನ ಗಂಟಿನೊಳಗೆ ನೂರು ವರ್ಷ

ನಮ್ಮ ಭೇರ್ಯದ ಕಡೆ ಸ್ಕೌಟು ಅಂದ್ರೆ ಜನಕ್ಕೆ ನೆನಪಾಗೋದು ಎರಡೇ. ಒಂದು, ಆಗಸ್ಟ್ 15ರ ಕವಾಯತು. ಇನ್ನೊಂದು, ಜಾತ್ರೆಯಲ್ಲಿ ಕೊರಳಿಗೆ ಸ್ಕಾರ್ಫ್ ಸುತ್ತಿಕೊಂಡು ನೀರು ಕೊಡೋ ಹುಡುಗರು. ಹೈಸ್ಕೂಲ್ ಮೇಷ್ಟ್ರಾಗಿ ಪಾಠದ ಜೊತೆಗೆ ಸ್ಕೌಟ್ ಮಾಸ್ಟರ್ ಕೆಲಸವನ್ನೂ ಇಷ್ಟಪಟ್ಟು ಮೈಮೇಲೆ ಹಾಕಿಕೊಂಡವನು ನಾನು. ಇದಕ್ಕೆ ಸಂಬಳವಿಲ್ಲ, ಭತ್ಯೆಯಿಲ್ಲ. ಆದರೆ ಪ್ರಶ್ನೆಗಳಿಗೆ ಮಾತ್ರ ಬರವಿಲ್ಲ.

ಪ್ರತಿ ಜೂನ್ ತಿಂಗಳಲ್ಲಿ ತಂದೆತಾಯಿಗಳು ಕೇಳೋದು ಇದು: "ಇದಕ್ಕೆ ಸೇರುದ್ರೆ ಮಾರ್ಕ್ಸ್ ಬತ್ತದಾ ಸಾ?" ಇದಕ್ಕೆ ಉತ್ತರ ಸುಲಭ. ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಅಂತ ಮೆಟ್ಟಿಲುಗಳಿವೆ, ರೈಲ್ವೆಯಲ್ಲಿ ಸ್ಕೌಟ್ಸ್ ಕೋಟಾ ಇದೆ ಅಂತ ಹೇಳಿದರೆ ಸಮಾಧಾನವಾಗುತ್ತೆ. ಕಷ್ಟದ ಪ್ರಶ್ನೆ ಹಾಕಿದ್ದು ಊರಿನ ಹಿರಿಯರೊಬ್ಬರು. "ಅಲ್ಲ ಮೇಷ್ಟ್ರೇ, ಇದು ಬಿಳೀ ಜನ ಕಟ್ಟಿದ್ದಲ್ವಾ? ಅವರೇ ಹೋದರು, ಇದನ್ನ ಯಾಕೆ ಇಟ್ಕೊಂಡಿದೀರಿ?" ಟೀ ಅಂಗಡಿಯ ಮುಂದೆ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸೋ ಉತ್ತರವಲ್ಲ ಇದು. ಅದಕ್ಕೇ ಇಲ್ಲಿ ಬರೀತಿದೀನಿ.

ಹಿರಿಯರು ಹೇಳಿದ್ದರಲ್ಲಿ ಸುಳ್ಳಿಲ್ಲ. ಇದನ್ನು ಶುರುಮಾಡಿದ ರಾಬರ್ಟ್ ಬೇಡನ್ ಪೊವೆಲ್ ಬ್ರಿಟಿಷ್ ಸೇನೆಯ ಅಧಿಕಾರಿ. ಹುಟ್ಟಿದ್ದು 1857ರ ಫೆಬ್ರವರಿ 22ರಂದು. ನಮ್ಮಲ್ಲಿ ಸಿಪಾಯಿ ದಂಗೆ ಎದ್ದ ವರ್ಷವೇ. ಚಿಕ್ಕ ವಯಸ್ಸಲ್ಲೇ ಭಾರತಕ್ಕೆ ಬಂದು ಕುದುರೆ ಸೈನ್ಯದಲ್ಲಿ ಕೆಲಸ ಮಾಡಿದವನು. ಹೆಸರು ಮಾಡಿದ್ದು ದಕ್ಷಿಣ ಆಫ್ರಿಕಾದ ಮಾಫೆಕಿಂಗ್‌ನಲ್ಲಿ. 1899ರಿಂದ 1900ರವರೆಗೆ ಬೋಯರರು ಆ ಊರನ್ನು 217 ದಿನ ಮುತ್ತಿಗೆ ಹಾಕಿದ್ದರು. ಅಲ್ಲಿ ಚಿಕ್ಕ ಹುಡುಗರು ಸುದ್ದಿ ಮುಟ್ಟಿಸೋ ಕೆಲಸ ಮಾಡಿದ್ದನ್ನು ಆತ ನೋಡಿದ್ದ. ನಂಬಿ ಕೆಲಸ ಒಪ್ಪಿಸಿದರೆ ಹುಡುಗರು ಮಾಡ್ತಾರೆ ಅನ್ನೋದು ಅವನ ತಲೆಯಲ್ಲಿ ಉಳೀತು.

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಯಿತು. ಅದರಲ್ಲಿದ್ದವರು 20 ಚಿಲ್ಲರೆ ಹುಡುಗರಷ್ಟೇ. ಆದರೆ ಅವರು ಯಾರು ಅನ್ನೋದು ಮುಖ್ಯ. ಅರ್ಧ ಜನ ಶ್ರೀಮಂತರ ಶಾಲೆಗಳಿಂದ ಬಂದವರು, ಉಳಿದವರು ಸುತ್ತಮುತ್ತಲ ಕೆಲಸಗಾರರ ಮನೆಯ ಮಕ್ಕಳು. ಆ ದೇಶದಲ್ಲಿ ಆ ಕಾಲಕ್ಕೆ ಈ ಇಬ್ಬರೂ ಒಂದೇ ಡೇರೆಯಲ್ಲಿ ಮಲಗೋದು ಸಣ್ಣ ಮಾತಲ್ಲ. ಎಲ್ಲರನ್ನೂ ನಾಲ್ಕು ಪೆಟ್ರೋಲ್‌ಗಳಾಗಿ ಹಂಚಿ, ಪ್ರತಿ ಪೆಟ್ರೋಲಿಗೂ ಒಬ್ಬ ಹುಡುಗನನ್ನೇ ಲೀಡರ್ ಮಾಡಿದ. (ಪೆಟ್ರೋಲ್ ಅಂದ ಕೂಡಲೇ ನಮ್ಮ ಮಕ್ಕಳು ಬಂಕು ನೆನಸಿಕೊಂಡು ನಗ್ತಾರೆ. ಆರೆಂಟು ಮಕ್ಕಳ ಗುಂಪಿಗೆ ಹಾಗಂತಾರೆ.) ಮುಂದಿನ ವರ್ಷ, 1908ರಲ್ಲಿ, ಅವನ ಪುಸ್ತಕ ಬಂತು. ಅದನ್ನು ಓದಿದ ಹುಡುಗರು ಯಾರ ಅಪ್ಪಣೆಗೂ ಕಾಯದೆ ತಾವೇ ಗುಂಪು ಕಟ್ಟಿಕೊಂಡರು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹುಡುಗರ ಸಮಾವೇಶ ನಡೆದಾಗ ಕರೆಯದಿದ್ದರೂ ಹುಡುಗಿಯರೂ ಬಂದು ನಿಂತರು. ಗೈಡ್ಸ್ ಹುಟ್ಟಿದ್ದು ಹಾಗೆ.

ಅದೇ 1909ರಲ್ಲಿ ಸ್ಕೌಟಿಂಗ್ ಭಾರತಕ್ಕೆ ಬಂತು. ಬಂದಿಳಿದದ್ದು ನಮ್ಮ ಬೆಂಗಳೂರಿಗೇ. ಕ್ಯಾಪ್ಟನ್ ಟಿ.ಎಚ್. ಬೇಕರ್ ಎಂಬ ಸೇನಾಧಿಕಾರಿ ದೇಶದ ಮೊದಲ ಸ್ಕೌಟ್ ದಳ ಕಟ್ಟಿದ್ದು ಅಲ್ಲಿ. ಆಗ ಬೆಂಗಳೂರು ಒಂದೇ ಊರಲ್ಲ, ಎರಡು. ಪೇಟೆ ಮೈಸೂರು ಮಹಾರಾಜರದ್ದು, ದಂಡು ಬ್ರಿಟಿಷರದ್ದು. ದಳ ಹುಟ್ಟಿದ್ದು ದಂಡಿನ ಕಡೆ. ಸೇರೋಕೆ ಅವಕಾಶ ಇದ್ದದ್ದು ಯುರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ಪೇಟೆಯ ಹುಡುಗ ಬೇಲಿಯಾಚೆ ನಿಂತು ನೋಡಬಹುದಿತ್ತು, ಅಷ್ಟೇ. ನಾಡಿನ ಮಕ್ಕಳಿಗೆ ಕವಾಯತು, ಸಂಕೇತ, ನಕ್ಷೆ ಓದೋದು ಇದನ್ನೆಲ್ಲ ಕಲಿಸಿದರೆ ನಾಳೆ ಅವರು ಕ್ರಾಂತಿಕಾರಿಗಳಾಗಿ ತಿರುಗಿಬಿದ್ದಾರು ಅನ್ನೋದು ಸರ್ಕಾರದ ಭಯ.

ಇಲ್ಲಿಂದ ಮುಂದಿನ ಕತೆ ನನಗೆ ಇಷ್ಟ. ಒಳಗೆ ಬಿಡದಿದ್ದರೆ ಬೇಡ ಅಂತ ನಮ್ಮವರು ಬೇರೆ ಮನೆಯನ್ನೇ ಕಟ್ಟಿದರು. 1916ರಲ್ಲಿ ಮದ್ರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಿ.ಎಸ್. ಅರುಂಡೇಲ್ ಭಾರತೀಯ ಮಕ್ಕಳಿಗಾಗಿಯೇ ಸ್ಕೌಟ್ ಸಂಘ ಶುರುಮಾಡಿದರು. ಹೋಮ್ ರೂಲ್ ಬೇಕು ಅಂತ ಊರೂರು ಸುತ್ತಿ ಭಾಷಣ ಮಾಡ್ತಿದ್ದ ಹೆಂಗಸು ಆಕೆ. ಆಕೆಯ ಹುಡುಗರು ತಲೆಗೆ ಟೋಪಿಯ ಬದಲು ಪೇಟ ಸುತ್ತಿದರು, ಇಂಗ್ಲಿಷ್ ಹಾಡಿನ ಬದಲು ನಮ್ಮ ಹಾಡು ಹೇಳಿದರು. ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ್ ಬಾಜಪೇಯಿ ಸೇರಿ ಸೇವಾ ಸಮಿತಿ ಸ್ಕೌಟ್ಸ್ ಕಟ್ಟಿದರು. ನಾವು ಈಗ ಚುಂಚನಕಟ್ಟೆಯಂಥ ಜಾತ್ರೆಗಳಿಗೆ ಮಕ್ಕಳನ್ನು ಸೇವೆಗೆ ಕರೆದುಕೊಂಡು ಹೋಗ್ತೀವಲ್ಲ, ಆ ರೂಢಿಯ ಬೇರು ಬ್ರೌನ್‌ಸೀ ದ್ವೀಪಕ್ಕಿಂತ ಹೆಚ್ಚಾಗಿ ಈ ಸೇವಾ ಸಮಿತಿಯವರು ಮೇಳಗಳಲ್ಲಿ ಮಾಡಿದ ಕೆಲಸದಲ್ಲಿದೆ ಅಂತ ನನ್ನ ಲೆಕ್ಕ.

1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದು ಎಲ್ಲರನ್ನೂ ಒಂದು ಮಾಡಲು ನೋಡಿದ. ಬೆಸೆಂಟ್ ಒಪ್ಪಿ ಸೇರಿದರು, ಸೇವಾ ಸಮಿತಿಯವರು ಹೊರಗೇ ಉಳಿದರು. ಅವರ ಅನುಮಾನ ನಿಜವೂ ಆಯ್ತು. 1937ರಲ್ಲಿ ದಿಲ್ಲಿಯ ಜಾಂಬೂರಿಗೆ ಬಂದುಹೋದ ಮೇಲೆ ಭಾರತೀಯರ ನಡತೆಯ ಬಗ್ಗೆ ಆತ ಹಗುರವಾಗಿ ಆಡಿದ ಮಾತು ಪತ್ರಿಕೆಗಳಲ್ಲಿ ಬಂತು. ಜನ ಕೆರಳಿದರು, ಎಷ್ಟೋ ಜನ ಆ ಸಂಘ ಬಿಟ್ಟು ಹೊರಬಂದರು, 1938ರಲ್ಲಿ ಹಿಂದುಸ್ತಾನ್ ಸ್ಕೌಟ್ ಸಂಘ ಹುಟ್ಟಿತು. ಫೆಬ್ರವರಿ 22ರಂದು ಆತನ ಫೋಟೋಗೆ ಹಾರ ಹಾಕುವಾಗ ನಾನು ಮಕ್ಕಳಿಗೆ ಈ ವಿಷಯವನ್ನೂ ಹೇಳ್ತೀನಿ. ಒಳ್ಳೇದು ಕಲಿಸಿದವನು ಎಲ್ಲದರಲ್ಲೂ ಒಳ್ಳೆಯವನೇ ಆಗಿರಬೇಕಿಲ್ಲ ಅನ್ನೋದು ಎಂಟನೇ ಕ್ಲಾಸಿನವರಿಗೆ ನಾವಂದುಕೊಂಡಿದ್ದಕ್ಕಿಂತ ಬೇಗ ಅರ್ಥವಾಗುತ್ತೆ.

ಸ್ವಾತಂತ್ರ್ಯ ಬಂದ ಮೇಲೆ ನೆಹರೂ, ಮೌಲಾನಾ ಆಜಾದರ ಒತ್ತಾಸೆಯಿಂದ ಈ ಸಂಘಗಳು ಸೇರಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯ್ತು. 1951ರ ಆಗಸ್ಟ್ 15ಕ್ಕೆ ಗರ್ಲ್ ಗೈಡ್ಸ್ ಕೂಡ ಬಂದು ಸೇರಿತು. ಹೊರಗೆ ಉಳಿದು ಜಗಳ ಆಡಿದ್ದ ಕುಂಜ್ರು ಅವರೇ ಅದರ ಮೊದಲ ರಾಷ್ಟ್ರೀಯ ಆಯುಕ್ತರು. ಕರ್ನಾಟಕದಲ್ಲಿ ಕೊಂಡಜ್ಜಿ ಬಸಪ್ಪನವರಂಥವರು ಇದನ್ನು ಹಳ್ಳಿ ಶಾಲೆಗಳತ್ತ ತಂದರು. ಹರಿಹರದ ಹತ್ತಿರ ಕೊಂಡಜ್ಜಿಯಲ್ಲಿ, ಕೆರೆ ಮತ್ತು ಗುಡ್ಡದ ಮಧ್ಯೆ, ಇವತ್ತೂ ತರಬೇತಿ ಕೇಂದ್ರವಿದೆ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯ ಜಾಂಬೂರಿಗೆ ನಾಡಿನ ಮೂಲೆಮೂಲೆಯಿಂದ ಮಕ್ಕಳು ಹೋದರು. ದಂಡಿನ ಬೇಲಿಯಾಚೆ ನಿಂತಿದ್ದ ಹುಡುಗನ ಮೊಮ್ಮಕ್ಕಳ ಮಕ್ಕಳೇ ಇವರು ಅಂತ ಬೇಕಾದರೆ ಲೆಕ್ಕ ಹಾಕಬಹುದು.

ಹಾಗಾದರೆ ಬೇಲಿ ಹೋಯ್ತಾ? ಇದು ನಮ್ಮೂರಿಗೇ ಸೇರಿದ ಪ್ರಶ್ನೆ.

ಶಿಬಿರದಲ್ಲಿ ಅಡುಗೆ ಪೆಟ್ರೋಲ್ ಲೆಕ್ಕದಲ್ಲಿ ನಡೆಯುತ್ತೆ. ಸೌದೆ ತರೋದು, ಒಲೆ ಹೂಡೋದು, ಅನ್ನ ಸಾರು ಮಾಡೋದು, ಪಾತ್ರೆ ತೊಳೆಯೋದು ಎಲ್ಲ ಸರದಿ. ಚೀಟಿ ಬರೆದು ಡೇರೆಗೆ ಅಂಟಿಸಿರ್ತೀವಿ. ಕೆಲವು ವರ್ಷದ ಹಿಂದೆ ಒಂದು ಶಿಬಿರದ ಎರಡನೇ ಸಂಜೆ, ಒಬ್ಬ ಹುಡುಗನ ಅಪ್ಪ ಬೈಕಲ್ಲಿ ಬಂದರು. ಆ ಚೀಟಿಯ ಮುಂದೆ ತುಂಬಾ ಹೊತ್ತು ನಿಂತರು. ಆಮೇಲೆ ನನ್ನನ್ನ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ನಮ್ ಹೈದುನ್ನ ಬ್ಯಾರೆ ಗುಂಪ್ಗೆ ಹಾಕ್ಬುಡಿ ಸಾ" ಅಂದರು. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆವತ್ತು ಅಡುಗೆ ಸರದಿ ಇದ್ದ ಹುಡುಗ ಯಾವ ಬೀದಿಯವನು ಅನ್ನೋದು ಇಬ್ಬರಿಗೂ ಗೊತ್ತಿತ್ತು. "ಗುಂಪು ಬದಲಾಯಿಸೋ ಪದ್ಧತಿ ಇಲ್ಲ ಕಣಣ್ಣ, ನಾಡಿದ್ದು ನಿಮ್ಮ ಮಗಂದೇ ಸರದಿ, ಅವನು ಮಾಡಿದ್ದನ್ನ ಎಲ್ಲರೂ ಉಣ್ತಾರೆ" ಅಂದೆ. ಅವರು ಮಗನನ್ನ ಹತ್ತಿಸಿಕೊಂಡು ಹೊರಟುಹೋದರು.

ಉಳಿದ ಏಳು ಜನ ಊಟಕ್ಕೆ ಕೂತರು. ಸಾರು ಬಡಿಸ್ತಿದ್ದ ಹುಡುಗ ಸೌಟು ಕೈಯಲ್ಲೇ ಹಿಡ್ಕೊಂಡು, "ನಾನ್ ಮಾಡಿದ್ದುಕ್ಕೇ ಹೋದ್ನಾ ಸಾ?" ಅಂದ. ಹೌದು ಅನ್ನೋದೂ ಕಷ್ಟ, ಇಲ್ಲ ಅನ್ನೋದು ಸುಳ್ಳು. "ಅವರಪ್ಪ ಕರ್ಕೊಂಡೋದ್ರು ಕಣೋ, ಅವನಾಗಿ ಹೋಗ್ಲಿಲ್ಲ. ಸರದಿ ಮಾತ್ರ ಬದಲಾಗಲ್ಲ" ಅಂದು ಅವನ ಮುಂದೆಯೇ ತಟ್ಟೆ ಹಿಡಿದೆ. ಮಾರನೇ ವರ್ಷ ಆ ಪೆಟ್ರೋಲಿನವರು ಅವನನ್ನೇ ಲೀಡರ್ ಅಂತ ಆರಿಸಿದರು. ಅದರಲ್ಲಿ ನಾನು ಬಾಯಿ ಹಾಕಿಲ್ಲ. ಹೋದ ಹುಡುಗ ವಾಪಸ್ ಬಂದ, ಅದೇ ಗುಂಪಿಗೆ ಸೇರಿದ. ಅವರಪ್ಪ ಇವತ್ತಿಗೂ ನನ್ನನ್ನ ಕಂಡರೆ ಮುಖ ತಿರುಗಿಸ್ತಾರೆ.

ಇನ್ನೂ ಬೇಲಿಗಳಿವೆ. ಸಮವಸ್ತ್ರ, ಬೆಲ್ಟು, ಶೂ ಅಂತ ಬೀಳೋ ಖರ್ಚು ಕೂಲಿ ಮಾಡೋ ಮನೆಗೆ ಸಣ್ಣದಲ್ಲ. ಅದಕ್ಕೆ ಹಳೇ ಬಟ್ಟೆಗಳನ್ನ ಒಗೆಸಿ, ಇಸ್ತ್ರಿ ಮಾಡಿಸಿ, ಶಾಲೆಯ ಬೀರುವಿನಲ್ಲಿ ಇಟ್ಟಿದ್ದೀವಿ. ಹೆಣ್ಣುಮಕ್ಕಳನ್ನ ರಾತ್ರಿ ಶಿಬಿರಕ್ಕೆ ಕಳಿಸೋಕೆ ಮನೆಯವರು ಹಿಂದೇಟು ಹಾಕ್ತಾರೆ. ಗೈಡ್ ಕ್ಯಾಪ್ಟನ್ ಆಗಿರೋ ಟೀಚರು ಮನೆಮನೆಗೆ ಹೋಗಿ ಅಜ್ಜಿಯರ ಹತ್ತಿರ ಮಾತಾಡಿ ಕರ್ಕೊಂಡು ಬರಬೇಕು. ಇನ್ನು ಭತ್ತದ ನಾಟಿ, ಹುಣಸೂರು ಪಿರಿಯಾಪಟ್ಟಣದ ಕಡೆಯಾದರೆ ಹೊಗೆಸೊಪ್ಪಿನ ಕೆಲಸ ಶುರುವಾದರೆ ಶನಿವಾರದ ತರಗತಿಗೆ ಅರ್ಧ ದಳ ಇರಲ್ಲ. ನಮ್ಮ ಪ್ರಾರ್ಥನೆ, ಧ್ವಜಗೀತೆ ಎರಡೂ ಹಿಂದಿಯಲ್ಲಿವೆ. ಮಕ್ಕಳು ಬಾಯಿಪಾಠ ಮಾಡಿ ಚೆನ್ನಾಗೇ ಹೇಳ್ತಾರೆ, ಆದರೆ ಅರ್ಥ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡ್ತಾರೆ. ಬೆಸೆಂಟರ ಹುಡುಗರ ನೆನಪು ಮಾಡಿಕೊಂಡು ನಾನು ಕನ್ನಡದಲ್ಲಿ ಅರ್ಥ ಬಿಡಿಸಿ ಹೇಳಿಯೇ ಹಾಡಿಸೋದು.

ಹಿರಿಯರಿಗೆ ನಾನು ಕೊಡೋ ಉತ್ತರ ಇಷ್ಟು: ಬಿಳಿಯರು ತಂದರು, ನಿಜ. ಆದರೆ ಅವರು ತಂದಾಗ ಅದು ನಮ್ಮ ಮಕ್ಕಳಿಗೆ ಅಂತ ಇರಲೇ ಇಲ್ಲ. ಅದನ್ನು ನಮ್ಮ ಮಕ್ಕಳದ್ದು ಮಾಡೋಕೆ 1909ರಿಂದ 1950ರವರೆಗೆ, 41 ವರ್ಷ, ನಮ್ಮವರೇ ಜಗಳ ಆಡಿದ್ದಾರೆ. ಅಷ್ಟು ಕಷ್ಟಪಟ್ಟು ಕೈಗೆ ಬಂದದ್ದನ್ನ ಬಿಡೋದು ಯಾಕೆ? ಅವರು ಹಾಕಿದ್ದ ಬೇಲಿ ಕಿತ್ತದ್ದಾಯ್ತು. ನಾವೇ ಹಾಕಿಕೊಂಡಿರೋದು ಬಾಕಿ ಇದೆ, ಮತ್ತೆ ಅದು ಪುಸ್ತಕದಲ್ಲಿ ಓದಿ ಕೀಳೋದಲ್ಲ. ಮುಂದಿನ ಶಿಬಿರದ ಅಡುಗೆ ಸರದಿಯ ಚೀಟಿ ಬರೆದಾಗಿದೆ, ನೋಟಿಸ್ ಬೋರ್ಡಿಗೂ ಹಾಕಿದ್ದೀನಿ. ನೋಡಬೇಕಾದವರು ಬಂದು ನೋಡಿಕೊಳ್ಳಲಿ.