ನೀರು ಮಿತಿಮೀರಿದರೆ

ಬಂಟ್ವಾಳದ ಮಟ್ಟಿಗೆ 1923 ನೇತ್ರಾವತಿಯ ಮಹಾಪ್ರವಾಹದ ವರ್ಷ. ಪೇಟೆಗೆ ನೀರು ನುಗ್ಗಿದ ಆ ಕಥೆಯನ್ನು ಹಳೆಯ ಮನೆಗಳಲ್ಲಿ ಈಗಲೂ ಹೇಳುವುದುಂಟು. ಅದೇ ವರ್ಷ ಅಮೆರಿಕದ ಮೇಯೋ ಚಿಕಿತ್ಸಾಲಯದ ವೈದ್ಯ ರೌನ್‌ಟ್ರೀ ಎಂಬವರು ಇನ್ನೊಂದು ಬಗೆಯ ಪ್ರವಾಹವನ್ನು ಕುರಿತು ಪ್ರಬಂಧ ಬರೆದರು. ಮಿತಿಮೀರಿ ದೇಹಕ್ಕೆ ಸೇರಿದ ನೀರು ವಿಷದಂತೆ ವರ್ತಿಸುತ್ತದೆ ಎಂಬುದೇ ಅದರ ಸಾರ. ಅವರಿಟ್ಟ ಹೆಸರನ್ನು ಕನ್ನಡಿಸುವುದಾದರೆ ‘ಜಲಮದ’ ಎನ್ನಬಹುದೇನೋ.

ಈ ಎಚ್ಚರ ನಮ್ಮವರಿಗೆ ಹೊಸತಲ್ಲ. ಮಂದಾಗ್ನಿ, ಪಾಂಡು, ಉದರ, ಅತಿಸಾರ, ಮೂಲವ್ಯಾಧಿಗಳುಳ್ಳವರು ಸ್ವಲ್ಪವೇ ನೀರು ಕುಡಿಯಬೇಕೆಂದೂ, ಶರತ್ತು ಗ್ರೀಷ್ಮಗಳ ಹೊರತು ಆರೋಗ್ಯವಂತನೂ ಮಿತವಾಗಿಯೇ ಕುಡಿಯಬೇಕೆಂದೂ ವಾಗ್ಭಟನು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾನೆ. ಇದರಲ್ಲಿ ಅತಿಸಾರದ ಮಾತನ್ನು ಇಂದು ಒಪ್ಪುವಂತಿಲ್ಲ. ಉಪ್ಪು ಸಕ್ಕರೆ ಬೆರೆಸಿದ ನೀರೇ ಅಂಥವರ ಪ್ರಾಣ ಉಳಿಸುವುದು. ಮೂಡಬಿದಿರೆಯ ಬಸದಿಗಳಿಗೆ ಬರುವ ದಿಗಂಬರ ಮುನಿಗಳು ದಿನಕ್ಕೊಮ್ಮೆ, ಆಹಾರದೊಡನೆಯೇ ನೀರು ಸ್ವೀಕರಿಸುತ್ತಾರೆ. ಆದರೆ ಅದು ವ್ರತ, ವೈದ್ಯವಲ್ಲ; ಎರಡನ್ನೂ ಬೆರೆಸಬಾರದು.

ರಕ್ತದಲ್ಲಿ ಲೀಟರಿಗೆ 135ರಿಂದ 145 ಮಿಲಿಮೋಲ್ ಸೋಡಿಯಂ ಇರಬೇಕು. ಮೂತ್ರಪಿಂಡಗಳು ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟು ನೀರನ್ನು ಹೊರಹಾಕಬಲ್ಲವು. ಅದಕ್ಕೂ ಮೀರಿ ಕುಡಿಯುತ್ತಲೇ ಹೋದರೆ ರಕ್ತ ತೆಳುವಾಗಿ, ನೀರು ಜೀವಕೋಶಗಳೊಳಗೆ ನುಗ್ಗಿ ಅವು ಊದಿಕೊಳ್ಳುತ್ತವೆ. ಉಳಿದ ಅಂಗಗಳು ಹೇಗೋ ತಾಳಿಕೊಂಡಾವು. ತಲೆಬುರುಡೆಯೊಳಗಿನ ಮಿದುಳಿಗೆ ಹಿಗ್ಗಲು ಎಡೆಯೆಲ್ಲಿ? ತಲೆನೋವು, ವಾಂತಿ, ಭ್ರಮೆ, ಕೊನೆಗೆ ಸೆಳವು. 2007ರಲ್ಲಿ ಕ್ಯಾಲಿಫೋರ್ನಿಯದ ಒಂದು ರೇಡಿಯೋ ನಿಲಯವು ಮೂತ್ರಕ್ಕೆ ಹೋಗದೆ ಅತಿಹೆಚ್ಚು ನೀರು ಕುಡಿಯುವ ಸ್ಪರ್ಧೆಯನ್ನೇರ್ಪಡಿಸಿತು. ಅದರಲ್ಲಿ ಭಾಗವಹಿಸಿದ 28 ವರ್ಷದ ತಾಯಿಯೊಬ್ಬಳು ಅದೇ ದಿನ ತೀರಿಕೊಂಡಳು. ಆಟದ ಯಂತ್ರವೊಂದು ಅಲ್ಲಿಯ ಬಹುಮಾನ! ರೇಡಿಯೋ ಬಳಗದ ನಾವು ತಲೆತಗ್ಗಿಸಬೇಕಾದ ಸಂಗತಿ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಎರಡು ಮೂರು ಲೀಟರು ಒಂದೇ ಸಮನೆ ಕುಡಿಯಿರೆಂದು ಈಗ ಫೋನಿನಲ್ಲಿ ಬರುವ ಉಪದೇಶಗಳನ್ನು ಓದುವಾಗ ಇದು ನೆನಪಿಗೆ ಬರುತ್ತದೆ.

ಹಾಗೆಂದು ಬಾಯಾರಿದವರು ನೀರು ಬಿಡಬೇಕೆಂದಲ್ಲ. ಬೆಳ್ತಂಗಡಿಯ ಕಡೆ ಅಡಿಕೆ ತೋಟದಲ್ಲಿ ಬೆವರು ಸುರಿಸಿದವನಿಗೆ ಬರಿಯ ನೀರಿಗಿಂತ ಉಪ್ಪು ಹಾಕಿದ ಗಂಜಿತೆಳಿಯೇ ಹಿತ. ಬೆವರಿನೊಡನೆ ಹೋದ ಉಪ್ಪೂ ಅದರಿಂದ ಮರಳುತ್ತದೆ. ಮನೆಗೆ ಬಂದವರ ಕೈಗೆ ಬೆಲ್ಲದ ತುಂಡನ್ನಿಟ್ಟು ನೀರು ಕೊಡುವ ನಮ್ಮ ಕ್ರಮವೂ ಉಪಚಾರ ಮಾತ್ರವಲ್ಲ, ದಣಿದವನಿಗೆ ಕೂಡಲೇ ಬಲ. ಬೊಂಡದ ವಿಷಯ ಬೇರೆ. ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದರೂ ಸೋಡಿಯಂ ಕಡಿಮೆಯೇ. ಗಂಜಿಯ ಉಪ್ಪಿನ ಕೆಲಸವನ್ನು ಅದು ಮಾಡಲಾರದು.