ಮೂರು ಬೀಗಗಳ ಪೆಟ್ಟಿಗೆ

ಸ್ಪೇನ್ ದೇಶದ ಬುರ್ಗೋಸ್ ನಗರದ ಪ್ರಧಾನಾಲಯಕ್ಕೆ ಹೋಗುವ ಅವಕಾಶ ತಮಗೆಂದಾದರೂ ಒದಗಿದರೆ, ಅಲ್ಲಿ ಪರಮಪ್ರಸಾದದ ಹೆಸರಿನಲ್ಲಿರುವ ಪ್ರಾರ್ಥನಾಲಯದೊಳಗೆ ನಿಂತು ತಲೆಯೆತ್ತಿ ನೋಡಿರಿ. ಗೋಡೆಯ ಎತ್ತರದಲ್ಲಿ, ಕಬ್ಬಿಣದ ಪಟ್ಟಿಗಳಿಂದ ಬಿಗಿದ ಹಳೆಯ ಮರದ ಪೆಟ್ಟಿಗೆಯೊಂದು ಕಾಣುತ್ತದೆ. ಸಂತರ ಅವಶೇಷಗಳ ಪೆಟ್ಟಿಗೆಯಿರಬೇಕೆಂದು ಕೈಮುಗಿಯುವ ಮುನ್ನ ತುಸು ತಾಳಿರಿ. ಅದು ಎಲ್ ಸಿದ್ ಎಂದು ಹೆಸರಾದ ವೀರ ರೊದ್ರಿಗೊ ದಿಯಾಸನದು ಎಂಬುದು ಪರಂಪರೆಯ ಮಾತು.

ಅರಸ ಆರನೆಯ ಅಲ್ಫಾನ್ಸೊ 1081ರಲ್ಲಿ ಸಿದ್‌ನನ್ನು ಗಡೀಪಾರು ಮಾಡಿದನು. ಹಳೆಯ ಸ್ಪ್ಯಾನಿಷ್ ವೀರಕಾವ್ಯದ ಪ್ರಕಾರ, ಕೈಯಲ್ಲಿ ಕಾಸಿಲ್ಲದ ಆ ವೀರನು ಎರಡು ಪೆಟ್ಟಿಗೆಗಳಲ್ಲಿ ಮರಳು ತುಂಬಿಸಿ, ಕೆಂಪು ತೊಗಲು ಹೊದಿಸಿ, ಚಿನ್ನದ ಮೆರುಗಿನ ಮೊಳೆ ಹೊಡೆಸಿ, ರಾಕೇಲ್ ಮತ್ತು ವಿದಾಸ್ ಎಂಬ ಲೇವಾದೇವಿಗಾರರಲ್ಲಿ ಅಡವಿಟ್ಟನು. ಒಂದು ವರ್ಷ ಮುಚ್ಚಳ ತೆರೆಯಬಾರದೆಂದು ಅವರಿಂದ ಮಾತು ಪಡೆದು, 600 ಮಾರ್ಕುಗಳನ್ನು ತರಿಸಿಕೊಂಡನು. ಇದು ಕವಿಯ ಕಥೆ, ಚರಿತ್ರೆಯೆಂದು ಸಾಧಿಸುವಂತಿಲ್ಲ. ಆದರೂ ನನ್ನನ್ನು ಕಾಡುವುದು ಮುಂದಿನ ಸಂಗತಿ. ಸಿದ್ ಸಿರಿವಂತನಾದ ಮೇಲೆ ಆ ಇಬ್ಬರೂ ಬಂದು ಹಣಕ್ಕಾಗಿ ಅಂಗಲಾಚುತ್ತಾರೆ. ಅವನ ಬಂಟನು ನೋಡೋಣವೆಂದು ಹೇಳಿ ಕಳುಹಿಸುತ್ತಾನೆ. ಸಾಲ ತೀರಿತೆಂಬ ಮಾತು ಕಾವ್ಯದಲ್ಲಿ ಎಲ್ಲಿಯೂ ಇಲ್ಲ. ಅವರು ಯೆಹೂದ್ಯರೆಂದೇ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. 1492ರಲ್ಲಿ ಆ ಜನರನ್ನೇ ದೇಶದಿಂದ ಹೊರಗಟ್ಟಲಾಯಿತು.

ಹೊರಗಣ ಚೆಲುವನ್ನು ನಂಬಿದ್ದಕ್ಕೆ ಅವರನ್ನು ಹಳಿಯುವುದು ಸುಲಭ. ಆದರೆ ಸ್ಪೇನಿನ ಕಮ್ಮಾರರ ಕೈಚಳಕವನ್ನು ಕಂಡವರು ಹಾಗೆ ಹಳಿಯಲಾರರು. 1561ರಲ್ಲಿ ಎರಡನೆಯ ಫಿಲಿಪ್ಪನು ಮ್ಯಾಡ್ರಿಡ್ಡಿನಲ್ಲಿ ನೆಲೆಯೂರುವವರೆಗೆ ಅರಮನೆಯ ಪರಿವಾರ ಊರಿಂದೂರಿಗೆ ಸಾಗುತ್ತಲೇ ಇತ್ತು. ಹೊತ್ತು ಸಾಗಿಸಲೆಂದು ಪೆಟ್ಟಿಗೆಗಳ ಪಕ್ಕಗಳಿಗೆ ಬಲವಾದ ಕಬ್ಬಿಣದ ಹಿಡಿಗಳು, ಮೂಲೆಗಳಿಗೆ ಕಾಪುಪಟ್ಟಿಗಳು ಬಂದವು. ಮುಂಬಾಗಿಲು ಕೆಳಗಿಳಿದು ಬರೆಯುವ ಹಲಗೆಯಾಗುವ ‘ಬಾರ್ಗೆನ್ಯೊ’ ಎಂಬ ಪೆಟ್ಟಿಗೆಯಂತೂ ಈ ಕಲೆಯ ಶಿಖರ. ಅಕ್ರೋಟಿನ ಮರದ ಮೇಲೆ ಕೆಂಪು ಮಖಮಲ್ಲು. ಅದರ ಮೇಲೆ ಜಾಲಿಯಂತೆ ಕೊರೆದು ಚಿನ್ನದ ಲೇಪ ಕೊಟ್ಟ ಕಬ್ಬಿಣದ ತಗಡು. ನಡುವೆ ಉದ್ದನೆಯ ಚಿಲಕ. ಕೊರೆತದ ಸಂದಿಗಳಲ್ಲಿ ಕೆಂಪು ಇಣುಕುತ್ತದೆ. ಮುಸ್ಲಿಂ ಕುಶಲಕರ್ಮಿಗಳ ರೇಖಾಚಿತ್ರಗಳ ಪಕ್ಕದಲ್ಲೇ ಪ್ರೇಷಿತ ಸಂತ ಯಾಕೋಬರ ಯಾತ್ರಿಕರ ಚಿಪ್ಪಿನ ಗುರುತೂ ಇರುತ್ತದೆ. ಒಂದೇ ಪೆಟ್ಟಿಗೆಯ ಮೇಲೆ ಜೊತೆಯಾಗಿರುವ ಇವೆರಡೂ ನಾಡಿನಲ್ಲಿ ಜೊತೆಯಾಗಿ ಬಾಳಲಾಗಲಿಲ್ಲ.

ಚೆಲುವು ಮೋಸವನ್ನು ತಡೆಯಲಾರದೆಂದು ಧರ್ಮಸಭೆಯೂ ಅರಿತಿತ್ತು. ಜಗದ್ಗುರು ಮೂರನೆಯ ಇನ್ನೊಸೆಂಟರು 1199ರಲ್ಲಿ, ಧರ್ಮಯುದ್ಧದ ಕಾಣಿಕೆಗಾಗಿ ಪ್ರತಿ ದೇವಾಲಯದಲ್ಲೂ ಮೂರು ಬೀಗಗಳ ಪೆಟ್ಟಿಗೆಯನ್ನು ಇಡಬೇಕೆಂದು ಆದೇಶಿಸಿದರು. ಒಂದು ಬೀಗದ ಕೈ ಧರ್ಮಾಧ್ಯಕ್ಷರಲ್ಲಿ, ಒಂದು ದೇವಾಲಯದ ಗುರುಗಳಲ್ಲಿ, ಮತ್ತೊಂದು ಭಕ್ತನಾದ ಶ್ರೀಸಾಮಾನ್ಯನೊಬ್ಬನಲ್ಲಿ. ಧರ್ಮಾಧ್ಯಕ್ಷರೇ ಆದರೂ ಒಬ್ಬರೇ ತೆರೆಯುವಂತಿಲ್ಲ! ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿಯಿರಬೇಕೆಂಬ 1983ರ ಧರ್ಮಸಭಾ ಕಾನೂನಿನಲ್ಲಿಯೂ ಇದೇ ವಿವೇಕವಿದೆಯೆಂದು ನನ್ನ ಎಣಿಕೆ.

ಸ್ಪೇನಿನ ಅರಸರೂ ಈ ಪದ್ಧತಿಯನ್ನು ಅನುಸರಿಸಿದರು. ಅಮೆರಿಕದ ವ್ಯವಹಾರಗಳಿಗಾಗಿ 1503ರಲ್ಲಿ ಸೆವಿಲ್ ನಗರದಲ್ಲಿ ಸ್ಥಾಪನೆಯಾದ ಕಚೇರಿಯಲ್ಲಿ ಮೂವರು ಅಧಿಕಾರಿಗಳಿಗೆ ಮೂರು ಬೀಗದ ಕೈಗಳಿದ್ದವು. ಸಮುದ್ರದಾಚೆ ಮಡಿದವರ ಸೊತ್ತಿಗೂ ಅಂಥದೇ ಪೆಟ್ಟಿಗೆ. ಬಟ್ಟೆಬರೆಗಳನ್ನು ಹರಾಜು ಹಾಕಿ, ಬಂದ ಹಣವನ್ನು ಅದರಲ್ಲಿಟ್ಟು, ಊರಿನಲ್ಲಿ ಕಾದಿರುವ ತಾಯಿಗೋ ಮಡದಿಗೋ ಮಕ್ಕಳಿಗೋ ತಲುಪಿಸಬೇಕಾಗಿತ್ತು. ಅನೇಕರಿಗೆ ತಲುಪಿತು. ಆದರೆ ಯುದ್ಧದ ಖರ್ಚು ಏರಿದಾಗ ಆ ಹಣಕ್ಕೆ ಕೈಹಾಕಿದವರಲ್ಲಿ ಅರಸರೇ ಇದ್ದರು. ಮೂರು ಬೀಗಗಳೂ ಮುರಿಯದೆಯೇ, ಆಜ್ಞೆಯೊಂದರಿಂದಲೇ ತೆರೆದುಕೊಂಡವು.

ಆ ಮೃತರ ಕಡತಗಳು ಸೆವಿಲ್‌ನ ಇಂಡೀಸ್ ದಾಖಲೆ ಭಂಡಾರದಲ್ಲಿ ಇಂದಿಗೂ ಇವೆ: ಉಯಿಲು, ಅಂಗಿ-ಹೊದಿಕೆಗಳ ಪಟ್ಟಿ, ಹರಾಜಿನ ಲೆಕ್ಕ, ವಾರಸುದಾರರ ಅರ್ಜಿ.