82 ಆಟ, 9 ಗೆಲುವು



ಆಟದ ಫಲಿತಾಂಶ ಓದುವಾಗ ನಾವು "ಇಂಥ ತಂಡ ಇಂಥ ತಂಡವನ್ನು ಸೋಲಿಸಿತು" ಎನ್ನುತ್ತೇವಲ್ಲ, ಅಲ್ಲಿ ಗೆದ್ದವರಿಗೆ ಪ್ರಥಮಾ ವಿಭಕ್ತಿ, ಸೋತವರಿಗೆ ದ್ವಿತೀಯಾ. ಹೆಚ್ಚುಕಡಿಮೆ ಇಡೀ ಒಂದು ಋತುವನ್ನು ದ್ವಿತೀಯಾ ವಿಭಕ್ತಿಯಲ್ಲೇ ಕಳೆದ ತಂಡವೊಂದರ ಕಥೆ ಇದು. ಕ್ರಿಕೆಟ್ ಅಲ್ಲ, ಬಾಸ್ಕೆಟ್‌ಬಾಲ್. ಊರು ಅಮೆರಿಕದ ಫಿಲಡೆಲ್ಫಿಯಾ.

1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಾದದ್ದು ಆ ಊರಲ್ಲಿ. ಅದರ ನೆನಪಿಗೆ ತಂಡದ ಹೆಸರು ಸೆವೆಂಟಿ ಸಿಕ್ಸರ್ಸ್. 1966-67ರಲ್ಲಿ ಈ ತಂಡವನ್ನು ಹಿಡಿಯುವವರೇ ಇರಲಿಲ್ಲ. ವಿಲ್ಟ್ ಚೇಂಬರ್ಲೇನ್ ಎಂಬ ಏಳಡಿಯ ಆಟಗಾರನ ಬಲದಿಂದ 81 ಆಟಗಳಲ್ಲಿ 68 ಗೆದ್ದು ಎನ್‌ಬಿಎ ಚಾಂಪಿಯನ್ ಆಯಿತು. ಅಲ್ಲಿಂದ ಬರೀ ಆರು ವರ್ಷ. 1972-73ರ ಋತು ಮುಗಿದಾಗ ಲೆಕ್ಕ ಹೀಗಿತ್ತು: ಆಡಿದ್ದು 82, ಗೆದ್ದದ್ದು 9, ಸೋತದ್ದು 73. ಊರಿನ ಪತ್ರಿಕೆಯವರು ತಂಡದ ಹೆಸರನ್ನೇ ತಿರುಚಿ 'ನೈನ್ ಅಂಡ್ ಸೆವೆಂಟಿ ತ್ರೀಯರ್ಸ್' ಎಂದು ಕರೆದುಬಿಟ್ಟರು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಬೆರಳು ತೋರಿಸುವುದು ಕೋಚ್ ರಾಯ್ ರೂಬಿನ್ ಕಡೆಗೆ. ಪಾಪ, ಆತ ಲಾಂಗ್ ಐಲ್ಯಾಂಡ್ ವಿಶ್ವವಿದ್ಯಾಲಯದ ಕಾಲೇಜು ತಂಡವನ್ನು ವರ್ಷಗಟ್ಟಲೆ ತಯಾರು ಮಾಡಿದವರು. ಹೆಸರಾಂತ ಕೋಚ್‌ಗಳು ಬೇಡವೆಂದ ಕುರ್ಚಿಗೆ 1972ರಲ್ಲಿ ಬಂದು ಕೂತರು. ವೃತ್ತಿಪರರಿಗೆ ಆಟ ಹೇಳಿಕೊಟ್ಟ ಅನುಭವ ಇರಲಿಲ್ಲ. ಮೊದಲ 15 ಆಟಗಳೂ ಸೋಲು. ನವೆಂಬರ್‌ನಲ್ಲಿ ಹ್ಯೂಸ್ಟನ್ ತಂಡದ ಮೇಲೆ ಮೊದಲ ಗೆಲುವು. ಹೊಸ ವರ್ಷದ ಜನವರಿಯಲ್ಲಿ ಅವರನ್ನು ಮನೆಗೆ ಕಳಿಸುವಾಗ 4 ಗೆಲುವು, 47 ಸೋಲು.

ಹಾಗಾದರೆ ತಪ್ಪು ಅವರದೇ? ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. 1968ರಲ್ಲಿ ಚೇಂಬರ್ಲೇನ್‌ರನ್ನು ಲಾಸ್ ಏಂಜಲೀಸ್‌ನ ಲೇಕರ್ಸ್‌ಗೆ ಕೊಟ್ಟು ಮೂವರನ್ನು ಪಡೆದರು. ಮೂವರು ಸೇರಿದರೂ ಅವರೊಬ್ಬರ ಜಾಗ ತುಂಬಲಿಲ್ಲ. ಮರುವರ್ಷ ಚೆಟ್ ವಾಕರ್ ಶಿಕಾಗೋಗೆ ಹೋದರು. ಲ್ಯೂಕ್ ಜ್ಯಾಕ್ಸನ್ ಕಾಲಿನ ಪೆಟ್ಟಿನಿಂದ ಮತ್ತೆ ಮೊದಲಿನಂತಾಗಲೇ ಇಲ್ಲ. ವಾಲಿ ಜೋನ್ಸ್ ಕೂಡ ಹೋದರು. ಕಾಲೇಜುಗಳಿಂದ ಆರಿಸಿ ತಂದ ಹುಡುಗರಲ್ಲಿ ಇವರ ಸಾಲಿಗೆ ನಿಲ್ಲುವವರು ಸಿಗಲಿಲ್ಲ. ರೂಬಿನ್ ಬರುವ ಮುಂಚಿನ ವರ್ಷವೇ ತಂಡ 52 ಆಟ ಸೋತಿತ್ತು. ಉಳಿದಿದ್ದ ದೊಡ್ಡ ಆಟಗಾರ ಬಿಲಿ ಕನಿಂಗ್‌ಹ್ಯಾಮ್ 1972ರಲ್ಲಿ ಎಬಿಎ ಎಂಬ ಪೈಪೋಟಿ ಲೀಗ್‌ಗೆ ಹೊರಟುಹೋದರು. ಇಲ್ಲಿ ಫಿಲಡೆಲ್ಫಿಯಾ ಸೋಲುತ್ತಿದ್ದ ಅದೇ ಋತುವಿನಲ್ಲಿ ಅಲ್ಲಿ ಅವರು ಇಡೀ ಲೀಗಿನ ಅತ್ಯುತ್ತಮ ಆಟಗಾರ! ಮನೆಯ ಕಂಬಗಳನ್ನು ಒಂದೊಂದಾಗಿ ಕಿತ್ತವರು ಬೇರೆ, ಮಾಡು ಬಿದ್ದಾಗ ಒಳಗಿದ್ದವರು ಬೇರೆ.

ಒಳಗಿದ್ದವರಲ್ಲಿ ನನಗೆ ತುಂಬ ಕಾಡುವವರು ಹಾಲ್ ಗ್ರೀರ್. 1958ರಲ್ಲಿ ಈ ತಂಡ ಸಿರಾಕ್ಯೂಸ್ ಊರಿನದಾಗಿದ್ದಾಗ ಸೇರಿದವರು. 1963ರಲ್ಲಿ ತಂಡ ಊರು ಬದಲಿಸಿದಾಗ ಜೊತೆಗೇ ಬಂದರು. ಹತ್ತು ಸಲ ಆಲ್ ಸ್ಟಾರ್, 21,000ಕ್ಕೂ ಮಿಕ್ಕಿ ಅಂಕ, ಬೇರೆ ತಂಡಕ್ಕೆ ಕಾಲಿಟ್ಟವರಲ್ಲ. 36ನೇ ವಯಸ್ಸಿನಲ್ಲಿ, ಅವರ ಕೊನೆಯ ಋತು ಇದೇ ಆಗಿಹೋಯಿತು. ಆಡಿಸಿದ್ದು 38 ಆಟಗಳಲ್ಲಿ ಮಾತ್ರ. ಉಳಿದ ದಿನ ಬೆಂಚಿನ ಮೇಲಿಂದ ಏನು ನೋಡಿರಬಹುದು, ನೀವೇ ಊಹಿಸಿಕೊಳ್ಳಿ.

ಗೆದ್ದ ತಂಡಕ್ಕೂ ಸೋತ ತಂಡಕ್ಕೂ ಆಟದ ಸಂಖ್ಯೆ ಒಂದೇ. ಸೋಲುತ್ತೇವೆಂದು ಗೊತ್ತಿದ್ದೂ ಪೆಟ್ಟಿಗೆ ಕಟ್ಟಿ ವಿಮಾನ ಹತ್ತಬೇಕು, ಕಾಲಿಗೆ ಪಟ್ಟಿ ಸುತ್ತಿಕೊಳ್ಳಬೇಕು. ಫ್ರೆಡ್ ಕಾರ್ಟರ್ ಅದನ್ನು ಮಾಡಿದರು. ಆಟಕ್ಕೆ ಸರಾಸರಿ 20 ಅಂಕ ಗಳಿಸಿ ತಂಡದ ಅತ್ಯುತ್ತಮ ಆಟಗಾರ ಎನಿಸಿಕೊಂಡರು. ಜಾನ್ ಬ್ಲಾಕ್ ಆ ವರ್ಷ ಆಲ್ ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಋತು ಮುಗಿಯುವ ಮುಂಚೆಯೇ ಅವರನ್ನೂ ಬೇರೆ ತಂಡಕ್ಕೆ ದಾಟಿಸಿದರು. ಇದಕ್ಕೇನು ಹೇಳುವುದು?

ರೂಬಿನ್ ಜಾಗಕ್ಕೆ ಬಂದವರು ತಂಡದಲ್ಲೇ ಆಡುತ್ತಿದ್ದ ಕೆವಿನ್ ಲಾಕ್ರಿ. ಅವರಿಗೂ ಮೊದಲ 11 ಆಟ ಸೋಲೇ. ರೂಬಿನ್ ಕಾಲದ್ದನ್ನೂ ಸೇರಿಸಿದರೆ ಸತತ 20. ಆಮೇಲೆ ಏನಾಯಿತೋ, ಏಳರಲ್ಲಿ ಐದು ಗೆದ್ದರು! ಅಷ್ಟೇ, ಕೊನೆಯ 13 ಮತ್ತೆ ಸೋಲು. ಅದೇ ವಿಭಾಗದಲ್ಲಿ ಮೊದಲ ಸ್ಥಾನ ಪಡೆದ ಬೋಸ್ಟನ್ 68 ಗೆದ್ದಿತ್ತು, ಅಂದರೆ 59 ಆಟಗಳ ಅಂತರ.

2011-12ರಲ್ಲಿ ಷಾರ್ಲೆಟ್ ತಂಡ 66ರಲ್ಲಿ 7 ಮಾತ್ರ ಗೆದ್ದು ಶೇಕಡಾವಾರಿನಲ್ಲಿ ಇನ್ನೂ ಕೆಳಗಿಳಿಯಿತು. 2015-16ರಲ್ಲಿ ಇದೇ ಫಿಲಡೆಲ್ಫಿಯಾ 72 ಸೋತು ಹಳೆಯ ದಾಖಲೆಗೆ ಒಂದೇ ಸೋಲಿನಷ್ಟು ಹತ್ತಿರ ಬಂತು. ಆದರೆ ಆ ಹೊತ್ತಿಗೆ ಸೋತು ಒಳ್ಳೆಯ ಹೊಸ ಹುಡುಗರನ್ನು ಪಡೆಯುವುದೇ ಒಂದು ಲೆಕ್ಕಾಚಾರವಾಗಿತ್ತು. 1972ರವರಿಗೆ ಆ ನೆಪವೂ ಇರಲಿಲ್ಲ.

1973ರಲ್ಲಿ ಡಗ್ ಕಾಲಿನ್ಸ್ ಬಂದರು, ಮರುವರ್ಷ ಕನಿಂಗ್‌ಹ್ಯಾಮ್ ವಾಪಸಾದರು. 1977ರಲ್ಲಿ ತಂಡ ಫೈನಲ್ ಮುಟ್ಟಿತು. 1983ರಲ್ಲಿ ಮತ್ತೆ ಚಾಂಪಿಯನ್ ಆದಾಗ ಕೋಚ್ ಆಗಿದ್ದವರು ಅದೇ ಕನಿಂಗ್‌ಹ್ಯಾಮ್. ಲಾಕ್ರಿ ನ್ಯೂಯಾರ್ಕ್ ನೆಟ್ಸ್‌ಗೆ ಎಬಿಎಯಲ್ಲಿ ಎರಡು ಪ್ರಶಸ್ತಿ ಗೆದ್ದುಕೊಟ್ಟರು. ಕಾರ್ಟರ್ 1993ರಲ್ಲಿ ಫಿಲಡೆಲ್ಫಿಯಾಕ್ಕೇ ಕೋಚ್ ಆದರು. ರೂಬಿನ್‌ಗೆ ಮಾತ್ರ ಎನ್‌ಬಿಎಯಲ್ಲಿ ಇನ್ನೊಂದು ತಂಡ ಸಿಗಲಿಲ್ಲ. ಅವರ ಹೆಸರಿನ ಮುಂದೆ ಇವತ್ತಿಗೂ ಇರುವುದು ಆ 51 ಆಟಗಳ ಲೆಕ್ಕ ಮಾತ್ರ.